ಐದನೇ ಕುರ್ಚಿ ಯಾರಿಗೆ

ಡೆಲೋರಿಸ್ ವೊಯ್ಚಿಕ್ ಶಾಲೆಯ ಬಸ್ಸು ಓಡಿಸುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಆದರೂ ಲಿಂಡೆನ್ ಕೌಂಟಿಯ ಯಾವ ರಸ್ತೆ ಎಲ್ಲಿ ತಿರುಗುತ್ತದೆ, ಯಾವ ಇಳಿಜಾರಿನಲ್ಲಿ ಮಾರ್ಚ್ ತಿಂಗಳ ಹಿಮ ಕರಗಿ ಕೆಸರಾಗುತ್ತದೆ, ಯಾವ ಮನೆಯ ನಾಯಿ ಬರೀ ಬೊಗಳುತ್ತದೆ, ಯಾವುದು ಕಚ್ಚಿಯೇ ತೀರುತ್ತದೆ ಎನ್ನುವುದೆಲ್ಲ ಅವಳಿಗೆ ಬಾಯಿಪಾಠ. ಇಪ್ಪತ್ತೊಂಬತ್ತು ವರ್ಷ ಅದೇ ಹಾದಿ ತುಳಿದವಳು. ಆ ಬಸ್ಸಿನಲ್ಲಿ ಮೂಗು ಸುರಿಸುತ್ತ ಕೂತಿದ್ದ ಮಕ್ಕಳು ಈಗ ಅಂಗಡಿ ಇಟ್ಟಿದ್ದರು, ಹಸು ಕಟ್ಟಿದ್ದರು, ಒಬ್ಬಿಬ್ಬರು ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಶೆರಿಫ್ ಕಚೇರಿಯಲ್ಲಿ ಓಡಾಡುತ್ತಿದ್ದರು. ಅವರೆಲ್ಲರಿಗೂ ಅವಳು ಈಗಲೂ ಮಿಸೆಸ್ ವೊಯ್ಚಿಕ್ಕೇ.

ಪಕ್ಷದ ಕೌಂಟಿ ಕಾರ್ಯದರ್ಶಿಯಾದದ್ದು ಅವಳು ಆಸೆಪಟ್ಟು ಅಲ್ಲ. ಹಿಂದಿನ ಕಾರ್ಯದರ್ಶಿ ಮಗಳ ಮನೆ ಸೇರಿಕೊಂಡ ಮೇಲೆ ಸಭೆಯಲ್ಲಿ "ಯಾರು ಒಪ್ಕೋತೀರಿ?" ಎಂಬ ಪ್ರಶ್ನೆ ಬಂದಾಗ ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಡೆಲೋರಿಸ್ ಒಬ್ಬಳೇ ತಲೆಯೆತ್ತಿ ಕೂತಿದ್ದಳು. ಅಷ್ಟೇ ಸಾಕಾಯಿತು.

"ಬಸ್ಸಲ್ಲಿ ಐವತ್ತು ಮಕ್ಕಳನ್ನ ಸುಮ್ನೆ ಕೂರಿಸ್ದೋಳಿಗೆ ಇದೆಲ್ಲ ಯಾವ ಲೆಕ್ಕ ಬಿಡು," ಎಂದು ಗಂಡ ಲೆನರ್ಡ್ ಅಂದು ನಕ್ಕಿದ್ದ. ಆತ ಕಾಗದದ ಗಿರಣಿಯಲ್ಲಿ ದುಡಿದು ನಿವೃತ್ತನಾದವನು. ಹಿತ್ತಿಲಲ್ಲಿ ಕೆಂಡದ ಮೇಲೆ ಸಾಸೇಜು ಸುಡುವುದು, ಕೆರೆಯಲ್ಲಿ ಮೀನು ಹಿಡಿಯುವುದು, ಹೆಂಡತಿಯನ್ನು ಕೆಣಕುವುದು ಇಷ್ಟೇ ಅವನ ಈಗಿನ ಕಸುಬು.

ಆ ವರ್ಷ ರಾಜ್ಯ ಸೆನೆಟ್ಟಿನಲ್ಲಿ ಆ ಭಾಗದ ಸೀಟು ತೆರವಾಯಿತು. ಇಪ್ಪತ್ತೆಂಟು ವರ್ಷ ಅಲ್ಲಿ ಕೂತಿದ್ದ ಹಿರಿಯರು ಇನ್ನು ಸಾಕೆಂದು ಎದ್ದರು. ನವೆಂಬರಿನ ಚುನಾವಣೆಗೆ ಪಕ್ಷದಿಂದ ಯಾರು ನಿಲ್ಲಬೇಕೆಂದು ಆರಿಸಲು ಆಗಸ್ಟಿನಲ್ಲಿ ಮೊದಲ ಮತದಾನ. ನಾನು ನಾನು ಎಂದು ಮುಂದೆ ಬಂದವರು ಏಳು ಜನ. ಅವರನ್ನೆಲ್ಲ ಎದುರುಬದುರು ಕೂರಿಸಿ ಮಾತಾಡಿಸಲು ಜುಲೈನಲ್ಲಿ ಹಾರ್ಲೋ ಊರಿನ ಹೈಸ್ಕೂಲಿನಲ್ಲಿ ಚರ್ಚೆ ಏರ್ಪಾಟಾಗಿತ್ತು. ಟಿ.ವಿ.ಯವರು ಕೊಟ್ಟದ್ದು ತೊಂಬತ್ತು ನಿಮಿಷ. ಏಳು ಜನ ಕೂತರೆ ಒಬ್ಬೊಬ್ಬರಿಗೆ ಹೆಸರು ಹೇಳಿ ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತು ಸಿಕ್ಕೀತು. ಆದ್ದರಿಂದ ಯಾರಿಗೆ ಕುರ್ಚಿ, ಯಾರಿಗಿಲ್ಲ ಎಂದು ತೀರ್ಮಾನಿಸಲು ಮೂವರ ಸಮಿತಿ ಮಾಡಿದರು. ಡೆಲೋರಿಸ್ ಒಬ್ಬಳು. ಎರಡನೆಯವನು ಟೂ ಶಿಯಾಂಗ್. ಊರಾಚೆ ಔಷಧಿಯ ಜಿನ್ಸೆಂಗ್ ಬೇರು ಬೆಳೆಯುವ, ದೂರದ ಬೆಟ್ಟನಾಡಿನಿಂದ ವಲಸೆ ಬಂದ ಮಾಂಗ್ ಜನರವನು, ಐವತ್ತರ ಆಸುಪಾಸಿನ ಮಿತಭಾಷಿ. ಮೂರನೆಯವನು ಪಕ್ಷದ ರಾಜ್ಯ ಕಚೇರಿ ಕಳಿಸಿದ ಗ್ರಾಂಟ್ ಪೆಟ್ಟಿಬೋನ್. ಇನ್ನೂ ಮೂವತ್ತೈದು ದಾಟದವನು, ಎರಡು ಫೋನಿಟ್ಟುಕೊಂಡು ಎರಡರಲ್ಲೂ ಒಟ್ಟಿಗೇ ಮಾತಾಡುತ್ತಿದ್ದವನು.

ಏಪ್ರಿಲ್ಲಿನಲ್ಲೇ ಮೂವರೂ ಲೈಬ್ರರಿಯ ಕೋಣೆಯಲ್ಲಿ ಕೂತು ನಿಯಮ ಬರೆದರು. ಈ ಭಾಗದ ಐನೂರು ಮತದಾರರು ತಮ್ಮ ಕೈಯಾರೆ ಮಾಡಿದ ಸಹಿ, ವಿಳಾಸದ ಸಮೇತ, ಜೂನ್ ಕೊನೆಯ ಶುಕ್ರವಾರ ಸಂಜೆ ಐದರೊಳಗೆ ಕಚೇರಿಗೆ ತಲುಪಬೇಕು. ತಲುಪಿಸಿದವರಿಗೆಲ್ಲ ಕುರ್ಚಿ. ಉಳಿದವರು ಚುನಾವಣೆಗೆ ನಿಲ್ಲಬಹುದು, ಕುರ್ಚಿ ಮಾತ್ರ ಇಲ್ಲ. ಮೂವರೂ ರುಜು ಹಾಕಿದರು. ಸ್ಥಳೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಹಾರ್ಡ್‌ವೇರ್ ಅಂಗಡಿಯ ಹಿಂದಿದ್ದ ಪಕ್ಷದ ಕಚೇರಿಯ ಬಾಗಿಲಿಗೂ ಒಂದು ಪ್ರತಿ ಅಂಟಿಸಿದರು.

ಜೂನ್ ಕೊನೆಯ ಹೊತ್ತಿಗೆ ಏಳರಲ್ಲಿ ಒಬ್ಬ, ಹೆಂಡತಿ ಒಪ್ಪಲಿಲ್ಲವೆಂದು, ತಾನಾಗಿಯೇ ಹಿಂದೆ ಸರಿದ. ನಾಲ್ವರು ಆರಾಮವಾಗಿ ಐನೂರು ದಾಟಿದರು. ಉಳಿದವರು ಇಬ್ಬರು: ಎಲ್ರಾಯ್ ಕ್ವಾಮ್ ಮತ್ತು ಆನಿಕಾ ಸೊರೆನ್ಸನ್.

ಕ್ವಾಮ್ ಹೆಸರು ಕೇಳಿದರೆ ಡೆಲೋರಿಸಳ ಹುಬ್ಬು ತಾನಾಗಿ ಗಂಟಿಕ್ಕುತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಆತ ಹಾಲಿನ ಟ್ಯಾಂಕರು ಓಡಿಸುತ್ತಿದ್ದಾಗ, ಒಂದು ಜನವರಿಯ ಬೆಳಿಗ್ಗೆ ಅವಳ ಬಸ್ಸು ಹಿಮದಲ್ಲಿ ಜಾರಿ ಹಳ್ಳಕ್ಕಿಳಿಯಿತು. ಮಕ್ಕಳಿಗೆ ಏನೂ ಆಗಲಿಲ್ಲ. ಹಿಂದೆ ಬರುತ್ತಿದ್ದ ಕ್ವಾಮ್ ಮಾತ್ರ ಶಾಲಾ ಮಂಡಳಿಯ ಎದುರು ನಿಂತು, ಆಯಮ್ಮನ ಬಾಯಲ್ಲಿ ಬ್ರಾಂಡಿ ವಾಸನೆ ಬರುತ್ತಿತ್ತು ಎಂದ. ಮೂರು ವಾರ ಅವಳನ್ನು ಕೆಲಸದಿಂದ ಕೂರಿಸಿದರು. ಕೊನೆಗೆ ಸ್ಟಿಯರಿಂಗಿನ ಕಂಬಿ ಮುರಿದಿದ್ದೇ ಕಾರಣವೆಂದು ಗೊತ್ತಾಯಿತು. ಮಂಡಳಿಯವರು ಪತ್ರ ಬರೆದು ಕ್ಷಮೆ ಕೇಳಿದರು. ಕ್ವಾಮ್ ಕೇಳಲಿಲ್ಲ. ಅವತ್ತಿನಿಂದ ಇಬ್ಬರೂ ಚರ್ಚಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಿದ್ದರು.

ಈಗ ಅರವತ್ತೊಂದರ ಕ್ವಾಮ್ ಚುನಾವಣೆಗೆ ಇಳಿದಿದ್ದಕ್ಕೆ ಒಂದೇ ಕಾರಣ. ಕೌಂಟಿಯ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗ ಮುಚ್ಚಿ ಎರಡು ವರ್ಷವಾಗಿತ್ತು. ಹಿಂದಿನ ಚಳಿಗಾಲದಲ್ಲಿ ಅವನ ಸೊಸೆ ಕ್ಯಾಸಿ, ನಲವತ್ತೊಂದು ಮೈಲಿ ದೂರದ ಆಸ್ಪತ್ರೆಗೆ ಹೊರಟವಳು, ದಾರಿಯಲ್ಲೇ ಪಿಕಪ್ ವ್ಯಾನಿನ ಸೀಟಿನ ಮೇಲೆ ಹೆತ್ತಳು. ಕೂಸು ಉಳಿಯಿತು. ಅಂದಿನಿಂದ ಕ್ವಾಮ್ ಹೋದಲ್ಲಿ ಬಂದಲ್ಲಿ ಅದೇ ಮಾತು. "ಅವನ ಕೈಗೆ ಮೈಕ್ ಸಿಕ್ರೆ ಹೆರಿಗೆ ಆಗೋವರ್ಗೂ ಬಿಡಲ್ಲ," ಎಂದು ಊರವರೆಲ್ಲ ಸೇರುವ ಶುಕ್ರವಾರದ ಮೀನೂಟದಲ್ಲಿ ಜನ ನಗುತ್ತಿದ್ದರು.

ಗಡುವಿನ ದಿನ ನಾಲ್ಕೂ ನಲವತ್ತಕ್ಕೆ ಕ್ವಾಮ್ ಬಂದು ಕಾಗದದ ಕಟ್ಟನ್ನು ಮೇಜಿನ ಮೇಲೆ ಎತ್ತಿ ಹಾಕಿದ.

"ಐನೂರ ಮೂವತ್ತೊಂದಿದೆ. ಎಣಿಸ್ಕೊಳ್ಳಿ. ನೀವಂತೂ ಎಣಿಸ್ದೇ ಬಿಡೋರಲ್ಲ."

"ಎಲ್ಲಾರ್ದೂ ಎಣಿಸ್ತೀನಿ," ಎಂದಳು ಡೆಲೋರಿಸ್, ಅವನ ಮುಖ ನೋಡದೆ.

ಐದು ಗಂಟೆಗೆ ಬಾಗಿಲು ಹಾಕುವಾಗ ಆನಿಕಾ ಸೊರೆನ್ಸನ್ನಳ ಕಟ್ಟೂ ಅಲ್ಲಿತ್ತು. ಮಧ್ಯಾಹ್ನವೇ ಯಾರೋ ತಂದಿಟ್ಟು ಹೋಗಿದ್ದರು. ಅದರಲ್ಲಿದ್ದದ್ದು ನಾನೂರ ಎಂಬತ್ತೇಳು. ಡೆಲೋರಿಸ್ ಮೂರು ಸಲ ಎಣಿಸಿದಳು. ನಾನೂರ ಎಂಬತ್ತೇಳೇ.

ಆನಿಕಾ ಬಂದದ್ದು ಮಾರನೆಯ ಬೆಳಿಗ್ಗೆ. ಡೆಲೋರಿಸ್ ಹಿತ್ತಿಲಲ್ಲಿ ಟೊಮೆಟೊ ಗಿಡಕ್ಕೆ ಕಡ್ಡಿ ಕಟ್ಟುತ್ತಿದ್ದಳು. ಮೂವತ್ತನಾಲ್ಕರ ವಕೀಲೆ, ಆದರೆ ಗೇಟು ತೆಗೆಯುವ ಸದ್ದು ಕೇಳಿ ತಿರುಗಿದಾಗ ಡೆಲೋರಿಸಳಿಗೆ ಕಂಡದ್ದು ಮುಂದಿನ ಹಲ್ಲು ಬಿದ್ದ ಮೂರನೇ ಕ್ಲಾಸಿನ ಹುಡುಗಿ. ತಾಯಿ ಕಾಯಿಲೆ ಬಿದ್ದಿದ್ದ ಆ ವರ್ಷ ತಾನೇ ತಲೆ ಬಾಚಿಕೊಂಡು, ತಮ್ಮನಿಗೆ ಬೂಟು ಹಾಕಿಸಿ, ಓಡಿಬರುತ್ತಿದ್ದ ಹುಡುಗಿ. ತನಗೆ ಮಗಳಿದ್ದಿದ್ದರೆ ಹೀಗಿರಬೇಕಿತ್ತು ಎಂದು ಡೆಲೋರಿಸ್ ಎಷ್ಟೋ ಸಲ ಲೆನರ್ಡನ ಹತ್ತಿರ ಅಂದಿದ್ದಳು. ಏಳು ಜನರಲ್ಲಿ ಅವಳ ಮತ ಯಾರಿಗೆ ಎಂದು ಯಾರೂ ಕೇಳಬೇಕಾಗಿರಲಿಲ್ಲ.

"ಮಿಸೆಸ್ ವೊಯ್ಚಿಕ್, ಇನ್ನೂ ಇಪ್ಪತ್ತೆರಡು ಸಹಿ ಇದೆ," ಆನಿಕಾ ಕೈಯಲ್ಲಿದ್ದ ಹಾಳೆ ಮುಂದೆ ಹಿಡಿದಳು. "ಎಲ್ಲಾ ಗುರುವಾರಾನೇ ಆಗಿದ್ದು. ನನ್ನ ಕಾರಲ್ಲೇ ಇತ್ತು. ನಿನ್ನೆ ಮಧ್ಯಾಹ್ನ ಮಗ ಉಯ್ಯಾಲೆಯಿಂದ ಬಿದ್ದು ಕೈ ಮುರ್ಕೊಂಡ. ಆಸ್ಪತ್ರೆಯಿಂದ ಹೊರಗೆ ಬಂದಾಗ ಆರೂವರೆ."

"ಅಯ್ಯೋ. ಈಗ ಹೇಗಿದಾನೆ?"

"ಪ್ಲಾಸ್ಟರ್ ಹಾಕಿದಾರೆ. ಹಸಿರು ಬಣ್ಣದ್ದೇ ಬೇಕು ಅಂತ ಹಟ ಮಾಡಿ ಹಾಕಿಸ್ಕೊಂಡ." ಆನಿಕಾ ನಗಲು ನೋಡಿದಳು. "ಇದನ್ನ ತಗೋತೀರಲ್ವಾ?"

ಡೆಲೋರಿಸ್ ಹಾಳೆ ಮುಟ್ಟಲಿಲ್ಲ. ಕೈಗೆ ಮಣ್ಣಾಗಿದೆ ಎಂಬ ನೆಪವೂ ಅವಳಿಗೆ ಬೇಕಿರಲಿಲ್ಲ.

"ಇಲ್ಲ ಮಗಾ. ತಗೊಳ್ಳಕ್ಕಾಗಲ್ಲ."

"ಹದಿನಾರು ಗಂಟೆ ತಡ ಆಗಿದೆ ಅಷ್ಟೇ. ಅದೂ ಆಸ್ಪತ್ರೆಯಲ್ಲಿದ್ದೆ! ಬೇಕಿದ್ರೆ ಚೀಟಿ ತೋರಿಸ್ತೀನಿ."

"ಚೀಟಿ ಬೇಡ. ನಿನ್ನ ಮಾತೇ ಸಾಕು. ನಿಯಮ ಐದು ಗಂಟೆ."

ಆನಿಕಾಳ ಮುಖ ಕೆಂಪೇರಿತು. "ಮೂರನೇ ಕ್ಲಾಸಲ್ಲಿ ನೀವು ನನಗೋಸ್ಕರ ದಿನಾ ಬಸ್ ನಿಲ್ಲಿಸ್ಕೊಂಡು ಕಾಯ್ತಿದ್ರಿ. ಆಗ ಏಳೂ ಹತ್ತು ಅನ್ನೋದು ನಿಯಮ ಆಗಿರ್ಲಿಲ್ವಾ?"

ಆ ಮಾತು ಸರಿಯಾಗಿ ತಾಗಿತು. ಡೆಲೋರಿಸ್ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟಳು.

"ಕಾಯ್ತಿದ್ದೆ. ನೀನು ಹತ್ತಿದ್ರೆ ಬೇರೆ ಯಾವ ಮಗುವೂ ಇಳೀಬೇಕಾಗಿರ್ಲಿಲ್ಲ. ಇದು ಹಂಗಲ್ಲ. ಇಲ್ಲಿ ನಿನಗೊಬ್ಬಳಿಗೆ ಕಾದ್ರೆ, ಹೊತ್ತಿಗೆ ಸರಿಯಾಗಿ ತಂದೋರಿಗೆಲ್ಲ ನಾನು ಮೋಸ ಮಾಡ್ದಂಗೆ."

"ಸರಿ," ಎಂದಳು ಆನಿಕಾ. ಗೇಟನ್ನು ಸದ್ದಾಗದಂತೆ ಹಾಕಿಕೊಂಡು ಹೋದಳು. ದಡಾರೆಂದು ಬಡಿದಿದ್ದರೆ ಡೆಲೋರಿಸಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಸೋಮವಾರ ಸಮಿತಿ ಸೇರಿತು. ಪೆಟ್ಟಿಬೋನ್ ಒಂದು ದೂರಿನ ಪತ್ರ ತಂದಿದ್ದ. ಅರ್ಹತೆ ಪಡೆದಿದ್ದ ನಾಲ್ವರಲ್ಲಿ ಒಬ್ಬರ ಕಡೆಯವರು ಬರೆದದ್ದು: ಕ್ವಾಮ್ ಕೊಟ್ಟ ಪಟ್ಟಿಯಲ್ಲಿ ಐವತ್ತೆಂಟು ಸಹಿ ಅನುಮಾನಾಸ್ಪದ. ವಿಳಾಸ ತಾಳೆಯಾಗುತ್ತಿಲ್ಲ, ಅಕ್ಷರ ಒಂದೇ ಥರ ಇದೆ, ಹೆಸರು ಮತದಾರರ ಪಟ್ಟಿಯಲ್ಲಿಲ್ಲ, ಹೀಗೆ. ಐವತ್ತೆಂಟನ್ನೂ ತೆಗೆದರೆ ಕ್ವಾಮ್‌ಗೆ ಉಳಿಯುವುದು ನಾನೂರ ಎಪ್ಪತ್ತಮೂರು.

"ಇದಕ್ಕೆಲ್ಲ ತಲೆ ಕೆಡಿಸ್ಕೊಳ್ಳೋದು ಯಾಕೆ?" ಎಂದ ಪೆಟ್ಟಿಬೋನ್. "ನಾನೊಂದು ಸುಲಭದ ದಾರಿ ಹೇಳ್ತೀನಿ. ಸಹಿ ಗಿಹಿ ಬಿಟ್ಬಿಡೋಣ. ಕಳೆದ ವಾರ ಕಚೇರಿಯಿಂದ ಜನಾಭಿಪ್ರಾಯ ಕೇಳಿಸಿದ್ವಿ. ನೂರಕ್ಕೆ ಐದಾದ್ರೂ ಬಂದೋರಿಗೆ ಕುರ್ಚಿ ಅಂತ ಮಾಡೋಣ. ಆ ನಾಲ್ಕೂ ಜನ ಒಳಗೆ ಬರ್ತಾರೆ. ಆನಿಕಾ ಸೊರೆನ್ಸನ್‌ಗೆ ಒಂಬತ್ತಿದೆ, ಅವರೂ ಬರ್ತಾರೆ. ಕ್ವಾಮ್‌ಗೆ ಮೂರು. ಅವರು ಹೊರಗೆ. ಐದು ಕುರ್ಚಿ, ಐದು ಒಳ್ಳೇ ಮುಖ."

ಟೂ ಶಿಯಾಂಗ್ ಡೆಲೋರಿಸಳನ್ನು ನೋಡಿದ.

"ಟಿ.ವಿ. ಮುಂದೆ ಆ ಮನುಷ್ಯ ಪಕ್ಷದ ಮಾನ ಕಳೀತಾರೆ, ಮಿಸೆಸ್ ವೊಯ್ಚಿಕ್," ಪೆಟ್ಟಿಬೋನ್ ದನಿ ತಗ್ಗಿಸಿದ. "ನಿಮಗೂ ಅವರಿಗೂ ಮೊದಲಿಂದ ಆಗಿ ಬರಲ್ಲ ಅಂತಾನೂ ಕೇಳಿದೀನಿ."

"ಐದು ನಿಮಿಷ ಕೊಡಿ," ಎಂದು ಡೆಲೋರಿಸ್ ಎದ್ದು ಹೊರಗೆ ಬಂದಳು.

ಹಾರ್ಡ್‌ವೇರ್ ಅಂಗಡಿಯ ಮುಂದೆ ಹುಲ್ಲು ಕತ್ತರಿಸುವ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ್ದರು. ಅವುಗಳ ನಡುವೆ ಬಿಸಿಲಿನಲ್ಲಿ ನಿಂತಳು. ಸುಳ್ಳೇಕೆ, ಅವಳ ಮನಸ್ಸು ಆ ಕ್ಷಣ ಜಾರಿತು. ಒಂದೇ ಒಂದು "ಹೂಂ" ಅಂದರೆ ಸಾಕು, ಆನಿಕಾ ಒಳಗೆ, ಕ್ವಾಮ್ ಹೊರಗೆ. ತಾನು ಏನೂ ಕೇಳಿರಲಿಲ್ಲ. ಅದಾಗಿಯೇ ಕೈಗೆ ಬಂದಿತ್ತು. ಜನರೂ ಬೇಡ ಅನ್ನುತ್ತಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಶಾಲಾ ಮಂಡಳಿಯ ಎದುರು ತಾನು ಕೈಕಟ್ಟಿ ಕೂತದ್ದು ನೆನಪಾಯಿತು. ಆವತ್ತು ಅಲ್ಲಿದ್ದವರಿಗೆ ಕ್ವಾಮ್‌ನ ಮಾತು ಸಾಕಾಗಿತ್ತು. ಯಾರೊಬ್ಬರೂ ಹಳ್ಳಕ್ಕೆ ಹೋಗಿ ಬಸ್ಸಿನ ಕೆಳಗೆ ಬಗ್ಗಿ ನೋಡಿರಲಿಲ್ಲ, ಮೂರು ವಾರದವರೆಗೆ.

ಒಳಗೆ ಬಂದು ಕುರ್ಚಿ ಎಳೆದು ಕೂತಳು.

"ನಿಯಮ ಏಪ್ರಿಲ್ಲಲ್ಲಿ ಬರೆದಿದ್ದು. ನೀವೂ ರುಜು ಹಾಕಿದೀರಿ. ಅದನ್ನ ನಂಬ್ಕೊಂಡು ಜನ ಮನೆಮನೆ ಅಲೆದಿದಾರೆ. ಈಗ ಬದಲಾಯಿಸಲ್ಲ."

"ಅವರ ಮೇಲೆ ನಿಮಗೇ ಸಿಟ್ಟಿದೆಯಲ್ಲ!"

"ಇದೆ. ಅದಕ್ಕೇ ನಾನು ಇನ್ನೂ ಹುಷಾರಾಗಿರ್ಬೇಕು. ಆ ಐವತ್ತೆಂಟು ಸಹಿ ಇದೆಯಲ್ಲ, ಅದನ್ನ ಒಂದೊಂದಾಗಿ ಮನೆಗೆ ಹೋಗಿ ಕೇಳ್ತೀನಿ. ಇಪ್ಪತ್ತೇಳು ನಿಜವಾದ್ರೆ ಆತನಿಗೆ ಕುರ್ಚಿ. ಇಪ್ಪತ್ತಾರಾದ್ರೆ ಇಲ್ಲ."

"ಐವತ್ತೆಂಟು ಮನೇನಾ? ಶುಕ್ರವಾರ ಹೆಸರು ಹೇಳ್ಬೇಕು!"

"ನಾಳೆ ಆರು ಗಂಟೆಗೆ ಹೊರಡೋಣ," ಎಂದ ಟೂ ಶಿಯಾಂಗ್. ಅಂದಿನ ಸಭೆಯಲ್ಲಿ ಆತ ಆಡಿದ ಮಾತು ಅದೊಂದೇ. ಒಬ್ಬರ ವಿರುದ್ಧ ಇಬ್ಬರು, ತೀರ್ಮಾನವಾಯಿತು.

ಮಂಗಳವಾರ ಟೂನ ಪಿಕಪ್ಪಿನಲ್ಲಿ ಹೊರಟರು. ಪೆಟ್ಟಿಬೋನ್‌ನನ್ನೂ ಕರೆದರು, ಆತ ಫೋನಿನಲ್ಲೇ ಇರುತ್ತೇನೆ ಅಂದ. ಟೂ ಸ್ಟಿಯರಿಂಗ್ ಹಿಡಿದ, ಡೆಲೋರಿಸ್ ದಾರಿ ಹೇಳಿದಳು. ಒಬ್ಬೊಬ್ಬರ ಮನೆಯಲ್ಲೂ ಒಂದೇ ಪ್ರಶ್ನೆ: "ಇದು ನಿಮ್ಮ ಕೈಯಾರೆ ಮಾಡಿದ ಸಹಿನಾ?" ಹೌದೆಂದವರು ಇನ್ನೊಂದು ಹಾಳೆಯ ಮೇಲೆ ಮತ್ತೆ ಸಹಿ ಹಾಕಬೇಕು, ಟೂ ಎರಡನ್ನೂ ಹೋಲಿಸಿ ನೋಡಬೇಕು.

ಕೆಲವರದ್ದು ಸರಳವಿತ್ತು. ಮದುವೆಯಾಗಿ ಹೆಸರು ಬದಲಾಗಿದ್ದವಳು, ಮನೆ ಬದಲಿಸಿ ಪಟ್ಟಿಯಲ್ಲಿ ಹಳೇ ವಿಳಾಸ ಉಳಿಸಿಕೊಂಡಿದ್ದವನು. ಕೆಲವರದ್ದು ತಮಾಷೆ. ಚೀಸ್ ಕಾರ್ಖಾನೆಯ ಒಬ್ಬ, "ಸಹಿ ನಂದಲ್ಲ, ನನ್ ಹೆಂಡ್ತೀದು. ನನ್ ಸಹಿಗಿಂತ ಅವಳು ಹಾಕೋ ನನ್ ಸಹಿನೇ ಚೆನ್ನಾಗಿರುತ್ತೆ," ಎಂದ.

"ಹಾಗಾದ್ರೆ ಇದು ಲೆಕ್ಕಕ್ಕಿಲ್ಲ," ಎಂದು ಡೆಲೋರಿಸ್ ಗೆರೆ ಎಳೆದಳು.

"ಅಯ್ಯೋ, ಈಗ ಹಾಕ್ತೀನಿ ಕೊಡಿ ಮತ್ತೆ!"

"ಗಡುವು ಮುಗೀತು."

ಒಬ್ಬ ಮುದುಕ ಬಾಗಿಲಲ್ಲೇ ತಡೆದು, ಚುನಾವಣೆಯವರೆಲ್ಲ ಕಳ್ಳರು ಎಂದು ಕಾಲು ಗಂಟೆ ಬೈದು, ಕೊನೆಗೆ ತಣ್ಣನೆಯ ನಿಂಬೆ ಪಾನಕ ಕೊಟ್ಟು ಸಹಿ ತನ್ನದೇ ಎಂದ. ಆ ದಿನದ ಕೊನೆಗೆ ಇಪ್ಪತ್ತೆರಡು ಮನೆ ಮುಗಿದಿತ್ತು: ಹದಿನಾಲ್ಕು ನಿಜ, ಎಂಟು ರದ್ದು.

ಬುಧವಾರ ಪೆಟ್ಟು ಬಿತ್ತು. ಮರ ಕೊಯ್ಯುವ ಮಿಲ್ಲಿನ ಒಂಬತ್ತು ಜನರ ಸಹಿ ಒಂದೇ ಹಾಳೆಯಲ್ಲಿತ್ತು. ಒಂಬತ್ತೂ ಒಂದೇ ಕೈಬರಹ. ಮಿಲ್ಲಿನ ಅಂಗಳದಲ್ಲಿ ಕೇಳಿದಾಗ ಅವರೆಲ್ಲ ಮುಖ ಮುಖ ನೋಡಿಕೊಂಡರು. "ಕ್ಯಾಸಿ ಬಂದಿದ್ಲು, ಕಂಕುಳಲ್ಲಿ ಕೂಸು ಇತ್ತು. ನಮ್ಮ ಕೈಯೆಲ್ಲ ಅಂಟಂಟು. ನೀನೇ ಬರ್ಕೊಳಮ್ಮ ಅಂದ್ವಿ. ನಾವು ಒಪ್ಕೊಂಡೇ ಹೇಳಿದ್ದು."

ಪಿಕಪ್ಪಿಗೆ ವಾಪಸು ಬಂದಾಗ ಟೂ ಎಂಜಿನ್ ಹಚ್ಚದೆ ಕೂತ. "ಡೆಲೋರಿಸ್, ಅವರೆಲ್ಲ ಆತನ ಕಡೆಯೋರೇ. ಅದರಲ್ಲಿ ಸುಳ್ಳೇನಿಲ್ಲ."

"ಬೆಂಬಲ ಬೇರೆ ಟೂ, ಸಹಿ ಬೇರೆ. 'ಕೈಯಾರೆ' ಅಂತ ಬರೆದಿದ್ದು ನಾವೇ. ಇವರನ್ನ ಬಿಟ್ರೆ ಆನಿಕಾಗೆ ಏನು ಹೇಳ್ಲಿ?"

ಒಂಬತ್ತೂ ಹೋದವು. ಅಂದು ಬೇರೆ ಹನ್ನೊಂದು ಮನೆಗಳಲ್ಲಿ ಏಳು ನಿಜವಾದವು, ನಾಲ್ಕು ರದ್ದಾದವು. ವಿಷಯ ಅವರಿಗಿಂತ ಮುಂಚೆ ಕ್ವಾಮ್‌ನ ತೋಟ ಮುಟ್ಟಿತ್ತು. ಆತ ಹಸುವಿನ ಕೊಟ್ಟಿಗೆಯಿಂದ ದಾಪುಗಾಲು ಹಾಕಿ ರಸ್ತೆಗೇ ಬಂದು ಪಿಕಪ್ಪಿಗೆ ಅಡ್ಡ ನಿಂತ.

"ಹಳೇದನ್ನ ತೀರಿಸ್ಕೊಳ್ತಿದೀರಾ? ಹೇಳ್ಬಿಡಿ ನೇರವಾಗಿ!"

ಡೆಲೋರಿಸ್ ಬಾಗಿಲು ತೆಗೆದು ಕೆಳಗಿಳಿದಳು. ಅವನ ಎದೆಯ ಎತ್ತರಕ್ಕೆ ಬರುತ್ತಿದ್ದಳು ಅಷ್ಟೇ.

"ತೀರಿಸ್ಕೋಬೇಕು ಅಂತಿದ್ರೆ ಸೋಮವಾರಾನೇ ಹೂಂ ಅಂದು ಮನೇಲಿ ಕೂತು ಟಿ.ವಿ. ನೋಡ್ತಿದ್ದೆ. ನಿಮ್ಮ ಹೆಸರು ಅವತ್ತೇ ಹೋಗ್ತಿತ್ತು. ನಿಮ್ಮ ಸೊಸೆ ಒಂಬತ್ತು ಜನರ ಹೆಸರು ಬರೆದಿದಾಳೆ. ಹೌದೋ ಅಲ್ವೋ?"

ಬಾಗಿಲ ಬಳಿ ಕೂಸನ್ನೆತ್ತಿಕೊಂಡು ನಿಂತಿದ್ದ ಕ್ಯಾಸಿಯ ಕಣ್ಣು ತುಂಬಿತು. "ಹೌದು ಮಿಸೆಸ್ ವೊಯ್ಚಿಕ್. ಅದು ತಪ್ಪು ಅಂತ ನನಗೆ ಗೊತ್ತಿರ್ಲಿಲ್ಲ. ಮಾವಂಗೂ ಗೊತ್ತಿರ್ಲಿಲ್ಲ."

"ಹಾಗಾದ್ರೆ ಒಂಬತ್ತು ಹೋಯ್ತು. ಇನ್ನು ಹದಿನಾರು ಮನೆ ಬಾಕಿ ಇದೆ, ಅದರಲ್ಲಿ ಆರು ನಿಜ ಇರ್ಬೇಕು. ದಾರಿ ಬಿಡಿ, ಹೊತ್ತಾಗ್ತಿದೆ."

ಕ್ವಾಮ್‌ನ ಕಣ್ಣು ಸೊಸೆಯ ಕಡೆ ಹೋಯಿತು. ಪಕ್ಕಕ್ಕೆ ಸರಿದು ನಿಂತ.

ಗುರುವಾರ ಬಿಸಿಲು ನೆತ್ತಿ ಸುಡುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಐದು ಸಿಕ್ಕವು, ಆರು ಹೋದವು. ಹನ್ನೆರಡನೆಯದು ವೃದ್ಧಾಶ್ರಮದ ಹಿಲ್ಡೆಗಾರ್ಡ್ ಬ್ರಾಂಡ್ಟ್, ತೊಂಬತ್ತೊಂದು ವರ್ಷ. ಕಾಗದದ ಮೇಲಿದ್ದ ಅವಳ ಸಹಿ ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಹೋದ ಹಾಗಿತ್ತು. ದೂರು ಬರೆದವರು ಇದನ್ನು ಗೀಚು ಎಂದಿದ್ದರು.

"ನಂದೇ," ಎಂದಳು ಅಜ್ಜಿ. ಅವಳ ಎರಡೂ ಕೈ ನಡುಗುತ್ತಿದ್ದವು. "ಈ ಕೈ ನನ್ನ ಮಾತು ಕೇಳಲ್ಲ ಈಗ."

"ಇನ್ನೊಂದ್ಸಲ ಹಾಕಕ್ಕಾಗುತ್ತಾ ಅಜ್ಜಿ?"

ನರ್ಸು ಮುಂದೆ ಬಂದು ಕೈ ಹಿಡಿಯಲು ಹೋದಳು. "ಮುಟ್ಬೇಡ," ಎಂದು ಅಜ್ಜಿ ಗದರಿಸಿದಳು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಎಳೆಯತೊಡಗಿದಳು. ಎರಡು ಸಲ ಪೆನ್ನು ಬಿತ್ತು, ಎರಡು ಸಲವೂ ತಾನೇ ತಡಕಾಡಿ ಎತ್ತಿಕೊಂಡಳು. ಮೂರು ನಿಮಿಷವೇ ಹಿಡಿದಿರಬೇಕು. ಮುಗಿದಾಗ ಹಾಳೆಯ ಮೇಲೆ ಅದೇ ಗೀಚು, ಅದೇ ವಾಲಿಕೆ, ಕೊನೆಯಲ್ಲಿ ಅದೇ ಉದ್ದ ಬಾಲ.

"ನಾನು ಏಳು ಹೆತ್ತೆ, ಎಲ್ಲಾ ಇದೇ ಊರಲ್ಲಿ," ಎಂದಳು ಅಜ್ಜಿ ಪೆನ್ನಿನ ಮುಚ್ಚಳ ಹುಡುಕುತ್ತ. "ಆ ಕ್ವಾಮ್ ಬಾಯಿ ಬಡುಕ. ಆದ್ರೂ ಹಾಕ್ದೆ."

ಅದು ಇಪ್ಪತ್ತೇಳನೆಯದು. ಟೂ ಅಲ್ಲಿಗೇ ನಿಲ್ಲಿಸೋಣವೇ ಎಂದು ಕೇಳಿದ. ಡೆಲೋರಿಸ್ ಉಳಿದ ನಾಲ್ಕು ಮನೆಗೂ ಹೋದಳು. ಎರಡು ನಿಜ, ಎರಡು ರದ್ದು. ಒಟ್ಟು ಐನೂರ ಎರಡು.

ಶುಕ್ರವಾರ ಬೆಳಿಗ್ಗೆ ಕಚೇರಿಯ ಬಾಗಿಲಿಗೆ ಐದು ಹೆಸರು ಅಂಟಿಸಿದರು. ಆನಿಕಾಳ ಹೆಸರಿರಲಿಲ್ಲ. ಪೆಟ್ಟಿಬೋನ್ ಫೋನಿನಲ್ಲಿ, ಮುಂದಿನ ಸಲ ಚರ್ಚೆ ಈ ಕೌಂಟಿಗೆ ಬರುವುದಿಲ್ಲ ಎಂದ. "ಬರದಿದ್ರೆ ಬೇಡ," ಎಂದಳು ಡೆಲೋರಿಸ್. ಆನಿಕಾ ಒಳಗೆ ಬರುವ ಇನ್ನೊಂದು ದಾರಿಯಿತ್ತು, ಅದನ್ನು ಮುಚ್ಚಿದ್ದು ಡೆಲೋರಿಸ್ ಎಂಬ ಸುದ್ದಿಯನ್ನು ಆತನೇ ಊರಿಗೆ ಹಬ್ಬಿಸಿದ. ಅಂದು ಸಂಜೆಯ ಮೀನೂಟದಲ್ಲಿ ಆನಿಕಾಳ ಕಡೆಯವರ ಮೇಜು ಡೆಲೋರಿಸಳಿಗೆ ಬೆನ್ನು ತಿರುಗಿಸಿತು. ಮನೆಗೆ ಬಂದು ಅಡುಗೆಮನೆಯಲ್ಲಿ ಸುಮ್ಮನೆ ನಿಂತವಳನ್ನು ನೋಡಿ ಲೆನರ್ಡ್, "ಅಳೋದಾದ್ರೆ ಅಳೇ ಮಾರಾಯ್ತಿ, ನಾನು ಹೊರಗೆ ಹೋಗ್ತೀನಿ," ಎಂದ.

"ನೀನಿರು. ಐದು ನಿಮಿಷ ಅಷ್ಟೇ," ಎಂದು ಅವಳು ಅತ್ತಳು.

ಚರ್ಚೆಯ ಸಂಜೆ ಹೈಸ್ಕೂಲಿನ ಬಾಗಿಲಲ್ಲಿ ಆನಿಕಾ ನಿಂತಿದ್ದಳು. ಒಳಗೆ ಜಾಗವಿಲ್ಲದವಳು ಹೊರಗೆ ನಿಂತು, ಬಂದವರಿಗೆಲ್ಲ ಕೈಕುಲುಕಿ, ತನ್ನ ಕರಪತ್ರ ಹಂಚುತ್ತಿದ್ದಳು. ಹಸಿರು ಪ್ಲಾಸ್ಟರಿನ ಮಗ ಪಕ್ಕದ ಮೆಟ್ಟಿಲ ಮೇಲೆ ಐಸ್‌ಕ್ರೀಮ್ ತಿನ್ನುತ್ತಿದ್ದ. ಡೆಲೋರಿಸ್ ಹತ್ತಿರ ಬಂದಾಗ ಆನಿಕಾ ಬೇರೆಯವರಿಗೆ ಕೊಟ್ಟ ಹಾಗೆಯೇ ಒಂದು ಪತ್ರ ಮುಂದೆ ಹಿಡಿದಳು. "ನಿಮ್ಮ ಮತ ಕೇಳ್ತಿದೀನಿ," ಎಂದಳು, ನಗದೆ. ಡೆಲೋರಿಸ್ ಅಲ್ಲೇ ನಿಂತು ಅದನ್ನು ಪೂರ್ತಿ ಓದಿ, ಮಡಿಸಿ, ಚೀಲಕ್ಕೆ ಹಾಕಿಕೊಂಡಳು.

ಒಳಗೆ ಬಾಸ್ಕೆಟ್‌ಬಾಲ್ ಅಂಗಳ ತುಂಬಿ ತುಳುಕುತ್ತಿತ್ತು. ಮೊದಲ ಪ್ರಶ್ನೆ ಬಂದಾಗ ಕ್ವಾಮ್ ಎದ್ದ. ಜನ ಆಗಲೇ ನಗಲು ಸಿದ್ಧರಾಗಿದ್ದರು. ಆದರೆ ಆತ ಕೂಗಲಿಲ್ಲ. ಆ ಬೆಳಗಿನ ಚಳಿ ಎಷ್ಟಿತ್ತು, ಪಿಕಪ್ಪಿನ ಹೀಟರು ಹೇಗೆ ಕೆಟ್ಟಿತ್ತು, ಹದಿನೇಳನೇ ಮೈಲಿಯಲ್ಲಿ ಸೊಸೆ "ಮಾವ, ಇನ್ನಾಗಲ್ಲ" ಅಂದದ್ದು, ತನ್ನ ಜಾಕೆಟ್ಟಿನಲ್ಲಿ ಕೂಸನ್ನು ಸುತ್ತಿದ್ದು, ಅದು ಅಳುವವರೆಗೆ ಕಳೆದ ಹೊತ್ತು, ಇಷ್ಟನ್ನೇ ಹೇಳಿದ. ಆಮೇಲೆ ಉಳಿದ ನಾಲ್ವರ ಕಡೆ ತಿರುಗಿದ.

"ಈಗ ನಮ್ಮ ಕೌಂಟಿಲಿ ನೂರಾರು ಬಸುರಿಯರಿದಾರೆ. ಅವರು ಎಲ್ಲಿಗೆ ಹೋಗ್ಬೇಕು? ನಾಲ್ಕೂ ಜನ ಹೇಳಿ."

ಒಬ್ಬರು ಅಧ್ಯಯನ ಸಮಿತಿ ಮಾಡಬೇಕು ಅಂದರು. ಜನ ಗೊಣಗಿದರು. ಶಾಲಾ ಮಂಡಳಿಯ ಮಾಜಿ ಅಧ್ಯಕ್ಷೆಯೊಬ್ಬರು ಮಾತ್ರ, ತನ್ನ ಹತ್ತಿರ ಉತ್ತರವಿಲ್ಲ, ಆದರೆ ಇನ್ನು ಹದಿನೈದು ದಿನದಲ್ಲಿ ತರುತ್ತೇನೆ ಎಂದು ಒಪ್ಪಿಕೊಂಡರು. ಮುಂದಿನ ಪ್ರಶ್ನೆ ಶಾಲೆಯ ತೆರಿಗೆಯದ್ದು. ಅದಕ್ಕೆ ಕ್ವಾಮ್ ಎಲ್ಲೆಲ್ಲಿಗೋ ಹೋಗಿ, ಗಂಟೆ ಹೊಡೆದರೂ ನಿಲ್ಲಿಸದೆ, ಹಾಲಿನ ಬೆಲೆಗೆ ಬಂದು ಸಿಕ್ಕಿಕೊಂಡ. ಆಗ ಎಲ್ಲರೂ ಹೊಟ್ಟೆ ತುಂಬ ನಕ್ಕರು.

ಮುಗಿದ ಮೇಲೆ ಬಾಗಿಲ ಬಳಿ ಆತ ಡೆಲೋರಿಸಳ ಎದುರಿಗೆ ಬಂದು ನಿಂತ. ಏನೋ ಹೇಳುವವನಂತೆ ಟೋಪಿ ತೆಗೆದ.

"ಮೈಕು ತೀರಾ ಕೆಳಗಿತ್ತು," ಎಂದ.

"ನೀವು ಬಗ್ಗೋರಲ್ಲ ಅಂತ ನೆನಪಿರ್ಲಿಲ್ಲ," ಎಂದಳು ಡೆಲೋರಿಸ್.

ಆಗಸ್ಟಿನ ಮತದಾನದಲ್ಲಿ ಗೆದ್ದವರು ಆ ಮಾಜಿ ಅಧ್ಯಕ್ಷೆ. ಹೆರಿಗೆ ವಿಭಾಗ ಮತ್ತೆ ತೆರೆಸುವ ಮಾತು ಅವರ ಕರಪತ್ರದ ಮೊದಲ ಸಾಲಾಗಿತ್ತು. ವೇದಿಕೆ ಹತ್ತದ ಆನಿಕಾ ಮೂರನೆಯವಳಾದಳು, ಕ್ವಾಮ್ ಐದನೆಯವನು. ಡೆಲೋರಿಸ್ ಯಾರಿಗೆ ಮತ ಹಾಕಿದಳೆಂದು ಲೆನರ್ಡನಿಗೂ ಹೇಳಲಿಲ್ಲ. ಆತ ಕೇಳಲೂ ಇಲ್ಲ.

ಸೆಪ್ಟೆಂಬರಿನ ಕೌಂಟಿ ಸಭೆಯಲ್ಲಿ ಕಾರ್ಯದರ್ಶಿಯನ್ನು ಬದಲಾಯಿಸಬೇಕೆಂಬ ಗೊತ್ತುವಳಿ ಬಂತು. ಮಂಡಿಸಿದವರು ಆನಿಕಾಳ ಗೆಳೆಯರು. ಕರುಣೆಯಿಲ್ಲದವಳು, ಹಟಮಾರಿ, ಪಕ್ಷಕ್ಕೆ ಗೆಲ್ಲುವ ಮುಖವನ್ನು ಹೊರಗಿಟ್ಟವಳು ಎಂದೆಲ್ಲ ಮಾತಾಯಿತು. ಡೆಲೋರಿಸ್ ಎದ್ದು ಎರಡೇ ಮಾತು ಹೇಳಿದಳು: "ನಾನು ಮಾಡಿದ್ದು ಇಷ್ಟೇ. ಬೇಡ ಅಂದ್ರೆ ಕೀ ಇಲ್ಲೇ ಇದೆ." ಕಚೇರಿಯ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಕೂತಳು.

ಆಗ ಹಿಂದಿನ ಸಾಲಿನಿಂದ ಆನಿಕಾ ಎದ್ದಳು. ಅವಳು ಬಂದದ್ದನ್ನೇ ಡೆಲೋರಿಸ್ ನೋಡಿರಲಿಲ್ಲ.

"ನನಗಿನ್ನೂ ಸಿಟ್ಟಿದೆ," ಎಂದಳು ಆನಿಕಾ. "ಶುಕ್ರವಾರ ಐದು ಗಂಟೆ ಅನ್ನೋದು ಮನೇಲಿ ಚಿಕ್ಕ ಮಕ್ಕಳಿಲ್ಲದೋರು ಬರೆದ ನಿಯಮ. ಅದು ಬದಲಾಗ್ಬೇಕು. ಆದ್ರೆ ಏಪ್ರಿಲ್ಲಲ್ಲಿ ಅದನ್ನ ನಾನೂ ಓದಿದ್ದೆ, ಸುಮ್ಮನಿದ್ದೆ. ನನಗೋಸ್ಕರ ಬಗ್ಗದೇ ಇರೋರು ನಾಳೆ ನನ್ನ ವಿರುದ್ಧಾನೂ ಯಾರಿಗೂ ಬಗ್ಗಲ್ಲ. ಇವರನ್ನ ತೆಗೀಬೇಡಿ. ನಾನಂತೂ ಕೈ ಎತ್ತಲ್ಲ."

ಎಣಿಸಿದಾಗ ತೆಗೆಯಬೇಕೆಂದವರು ಹತ್ತೊಂಬತ್ತು, ಬೇಡವೆಂದವರು ಮೂವತ್ತನಾಲ್ಕು. ಟೂ ಶಿಯಾಂಗ್ ಎದ್ದು ಬಂದು ಕೀಲಿಕೈಯನ್ನು ಮೇಜಿನ ಆಚೆಯಿಂದ ಈಚೆಗೆ ತಳ್ಳಿದ.

ಡೆಲೋರಿಸ್ ಯಾರಿಗೂ ಧನ್ಯವಾದ ಹೇಳಲಿಲ್ಲ. ಕನ್ನಡಕ ಹಾಕಿಕೊಂಡು ಕಾರ್ಯಸೂಚಿಯ ಮುಂದಿನ ಸಾಲು ನೋಡಿದಳು. ಬರುವ ವಸಂತದ ಶೆರಿಫ್ ಚುನಾವಣೆಗೆ ನಾಲ್ವರು ಆಕಾಂಕ್ಷಿಗಳಿದ್ದರು, ಅವರಿಗೊಂದು ಚರ್ಚೆ, ಅದಕ್ಕೊಂದು ಹೊಸ ಸಮಿತಿ.

"ಮೂರು ಜನ ಬೇಕು," ಎಂದಳು. "ಶಿಯಾಂಗ್ ಒಬ್ರು, ನಾನೊಬ್ಳು. ಇನ್ನೊಬ್ರು ಯಾರು? ಬೂಟು ನೋಡ್ಕೊಂಡು ಕೂರ್ಬೇಡಿ."

ಕೂತಿದ್ದವರೆಲ್ಲ ಆನಿಕಾಳ ಕಡೆ ತಿರುಗಿದರು. ಆಕೆ ಚೀಲ ಎತ್ತಿಕೊಂಡು ಮುಂದಿನ ಸಾಲಿಗೆ ಬಂದು, ಡೆಲೋರಿಸಳಿಂದ ಒಂದು ಕುರ್ಚಿ ಬಿಟ್ಟು ಕೂತು, ಪೆನ್ನು ತೆಗೆದಳು.